ಡಿಸ್ಕ್ ಹೇಳಿದ್ದನ್ನೇ ನಂಬುವ ಪದ್ಧತಿ

ಸರ್ವರ್ ನಿಧಾನವಾಗಿದೆ ಎಂದು ಕಚೇರಿಯಿಂದ ದೂರು ಬಂದರೆ, ನೋಡಿಕೊಳ್ಳುವವರು ಸಾಮಾನ್ಯವಾಗಿ ಮೊದಲು ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿ ತೆಗೆಯುತ್ತಾರೆ. ಅದರಲ್ಲಿ ‘ಪಾಸ್ಡ್’ ಎಂದಿದ್ದರೆ ಡಿಸ್ಕ್‌ಗೆ ಏನೂ ಆಗಿಲ್ಲ ಎಂದು ತೀರ್ಮಾನಿಸಿ ನೆಟ್‌ವರ್ಕ್ ಹುಡುಕಲು ಹೊರಡುತ್ತಾರೆ. ಎಷ್ಟೋ ಕಡೆ ಕೆಟ್ಟ ಡಿಸ್ಕ್ ಹುಡುಕುವ ಕೆಲಸ ಅಲ್ಲಿಗೇ ಮುಗಿಯುತ್ತದೆ. ನನ್ನ ಪ್ರಕಾರ ಅದು ಅಲ್ಲಿಂದ ಶುರುವಾಗಬೇಕು.

ಸ್ಮಾರ್ಟ್ ಎಂದರೆ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ: ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ ಕೆಟ್ಟು ಬದಲಿ ಜಾಗಕ್ಕೆ ಹೋಗಿವೆ, ಎಷ್ಟು ಸೆಕ್ಟರ್ ಓದಲಾಗದೆ ಬಾಕಿ ಉಳಿದಿವೆ. ‘ಪಾಸ್ಡ್’ ಎಂಬ ತೀರ್ಪು ಮಾತ್ರ ತಯಾರಕರು ತಾವೇ ಇಟ್ಟ ಗಡಿಯ ಮೇಲೆ ನಿಂತಿದೆ, ಆ ಗಡಿ ತೀರಾ ಸಡಿಲ. ನೂರಾರು ಸೆಕ್ಟರ್ ಕಳೆದುಕೊಂಡ ಡಿಸ್ಕ್ ಕೂಡ ಪಾಸಾಗಬಹುದು.

2007ರಲ್ಲಿ ಗೂಗಲ್‌ನ ಪಿನ್‌ಹೇರೊ, ವೆಬರ್, ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ನೋಡಿ ಬರೆದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು. ಸತ್ತ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಬಲವಾದ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಉಷ್ಣಾಂಶ ಬಿಟ್ಟು ಉಳಿದ ಎಲ್ಲ ಸೂಚನೆಗಳನ್ನು ಸೇರಿಸಿಕೊಂಡರೂ ಶೇ 36ಕ್ಕೂ ಹೆಚ್ಚು ಡಿಸ್ಕ್‌ಗಳು ಏನೂ ಹೇಳದೆಯೇ ಹೋಗಿದ್ದವು. ಹಾಗೆಂದು ಸ್ಮಾರ್ಟ್ ವ್ಯರ್ಥವೇ? ಅಲ್ಲ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದೂ ಅದೇ ಪ್ರಬಂಧ ಹೇಳುತ್ತದೆ. ಅಂದರೆ ಡಿಸ್ಕ್ ‘ನನಗೆ ಹುಷಾರಿಲ್ಲ’ ಎಂದರೆ ಆ ಕ್ಷಣವೇ ನಂಬಬೇಕು, ‘ಚೆನ್ನಾಗಿದ್ದೇನೆ’ ಎಂದರೆ ನಂಬಬಾರದು. ನಮ್ಮ ರೂಢಿ ಇದಕ್ಕೆ ತಿರುಗುಮುರುಗು. ಬಾಕಿ ಸೆಕ್ಟರ್ ನಾಲ್ಕೈದು ಕಂಡರೆ ‘ಇನ್ನಷ್ಟು ದಿನ ಓಡಲಿ’ ಎನ್ನುತ್ತೇವೆ, ಪಾಸ್ಡ್ ಕಂಡರೆ ನಿಶ್ಚಿಂತರಾಗುತ್ತೇವೆ.

ಪೂರ್ತಿ ಸತ್ತ ಡಿಸ್ಕ್ ಹುಡುಕುವುದು ಸುಲಭ. ಕಂಟ್ರೋಲರ್ ಅದನ್ನು ಹೊರಗೆ ಹಾಕಿ ಕೆಂಪು ದೀಪ ಹೊತ್ತಿಸುತ್ತದೆ. ಕಾಡುವುದು ಅರೆಜೀವದ ಡಿಸ್ಕ್. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಯತ್ನಿಸಿ ಕೊನೆಗೂ ಓದಿ ಕೊಡುತ್ತದೆ. ದೋಷ ದಾಖಲಾಗುವುದಿಲ್ಲ, ಇಡೀ ಸರ್ವರ್ ಮಾತ್ರ ಅದಕ್ಕಾಗಿ ಕಾಯುತ್ತದೆ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಪ್ರಯತ್ನ ಬಿಟ್ಟು ದೋಷ ಒಪ್ಪಿಕೊಳ್ಳುತ್ತವೆ. ಹಣ ಉಳಿಸಲೆಂದು ಹಾಕಿದ ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಗಟ್ಟಲೆ ಹೆಣಗಬಹುದು. ಇದನ್ನು ಸ್ಮಾರ್ಟ್ ವರದಿಯಲ್ಲಿ ಹುಡುಕಿ ಫಲವಿಲ್ಲ. ಒಂದೇ ಗುಂಪಿನ ಡಿಸ್ಕ್‌ಗಳು ಒಂದೊಂದು ಓದಿಗೆ ಎಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿವೆ ಎಂದು ಅಕ್ಕಪಕ್ಕ ಇಟ್ಟು ನೋಡಿದರೆ, ಉಳಿದವು ಹತ್ತರಲ್ಲಿ ಮುಗಿಸುವುದಕ್ಕೆ ಒಂದು ಮಾತ್ರ ನಾನೂರು ಹಿಡಿಯುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಇಷ್ಟು ಸರಳವಾದ ಹೋಲಿಕೆಯನ್ನು ನಿತ್ಯದ ತಪಾಸಣೆಯಿಂದ ಹೊರಗಿಟ್ಟಿರುವುದು ನನಗೆ ಈ ಪದ್ಧತಿಯ ದೊಡ್ಡ ಲೋಪವಾಗಿ ಕಾಣುತ್ತದೆ.

ಡಿಸ್ಕ್‌ನ ತಪ್ಪೇ ಇಲ್ಲದಿರುವ ಪ್ರಸಂಗಗಳೂ ಬಹಳ. ಸುಮಾರು 18 ಲಕ್ಷ ಡಿಸ್ಕ್‌ಗಳಿದ್ದ ಶೇಖರಣಾ ವ್ಯವಸ್ಥೆಗಳ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ ವೈಫಲ್ಯಗಳ ಶೇ 20ರಿಂದ 55ರಷ್ಟು ಮಾತ್ರ ಡಿಸ್ಕ್‌ನವು. ಕೇಬಲ್ಲು, ಕನೆಕ್ಟರಿನಂಥ ಸಂಪರ್ಕಗಳ ಪಾಲು ಶೇ 27ರಿಂದ 68. ಸ್ಮಾರ್ಟ್‌ನ 199ನೇ ಸಾಲು, ಅಂದರೆ ಸಿಆರ್‌ಸಿ ದೋಷದ ಎಣಿಕೆ, ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಬೇಕು. ಅದನ್ನು ನೋಡದೆ ಡಿಸ್ಕ್ ಬದಲಿಸಿದರೆ ಹೊಸ ಡಿಸ್ಕೂ ಅದೇ ಜಾಗದಲ್ಲಿ ಅದೇ ದೋಷ ತೋರಿಸುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಯಾರೂ ಓದದ ಮೂಲೆಯಲ್ಲಿ ಅಡಗಿರುವ ಕೆಟ್ಟ ಸೆಕ್ಟರ್. ಐದು ವರ್ಷದ ಹಿಂದಿನ ಲೆಕ್ಕಪತ್ರವನ್ನು ಯಾರೂ ತೆರೆಯುವುದಿಲ್ಲ, ಹಾಗಾಗಿ ಅದು ಹಾಳಾದದ್ದು ಡಿಸ್ಕ್‌ಗೂ ತಿಳಿಯುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದು ಸತ್ತರೂ ದತ್ತಾಂಶ ಉಳಿಸಿಕೊಳ್ಳುವ ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತು ಹೊಸದಕ್ಕೆ ದತ್ತಾಂಶ ಮರಳಿ ಕಟ್ಟುವಾಗ ಉಳಿದ ಡಿಸ್ಕ್‌ಗಳ ಪ್ರತಿ ಮೂಲೆಯನ್ನೂ ಓದಬೇಕು. ಆಗ ಆ ಸೆಕ್ಟರ್ ಎದುರಾದರೆ ಅದನ್ನು ಸರಿಪಡಿಸಲು ಬೇಕಾದ ಪ್ರತಿ ಎಲ್ಲೂ ಉಳಿದಿರುವುದಿಲ್ಲ. 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳು ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ಶೇ 3.45ರಷ್ಟು ಡಿಸ್ಕ್‌ಗಳಲ್ಲಿ ಇಂಥ ದೋಷ ಕಂಡಿತ್ತು. ಎಂಟು ಡಿಸ್ಕ್ ಇರುವ ಸರ್ವರ್‌ಗೆ ಇದು ಸಣ್ಣ ಅಪಾಯವಲ್ಲ. ಇದಕ್ಕೆ ಇರುವ ಮದ್ದು ಸ್ಕ್ರಬ್ಬಿಂಗ್: ನಿಗದಿತ ಕಾಲಕ್ಕೆ ಎಲ್ಲ ಡಿಸ್ಕ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಓದಿಸುವುದು. ಡೆಬಿಯನ್ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಇದನ್ನು ತಿಂಗಳ ಮೊದಲ ಭಾನುವಾರಕ್ಕೆ ತಾನಾಗಿಯೇ ಇಟ್ಟುಕೊಂಡಿರುತ್ತದೆ. ‘ವೇಗ ಕಡಿಮೆಯಾಗುತ್ತದೆ’ ಎಂದು ಅದನ್ನು ನಿಲ್ಲಿಸಿಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಡೀ ತಪಾಸಣೆಯಲ್ಲಿ ಡಿಸ್ಕ್‌ನ ಮಾತು ಕೇಳದೆ ಅದರ ಕೆಲಸವನ್ನೇ ಪರೀಕ್ಷಿಸುವ ಹಂತ ಇದು.

ಪತ್ತೆಯಾದ ಮೇಲೂ ಒಂದು ಕಂಟಕ ಉಳಿದಿದೆ. ಸಾಫ್ಟ್‌ವೇರ್ ‘ಎಸ್‌ಡಿಸಿ’ ಎಂಬ ಹೆಸರಿನ ಡಿಸ್ಕ್ ಕೆಟ್ಟಿದೆ ಎನ್ನುತ್ತದೆ. ಪೆಟ್ಟಿಗೆಯಲ್ಲಿರುವುದು ಒಂದೇ ಬಗೆಯ ಎಂಟು ಟ್ರೇ. ‘ಸಿ’ ಮೂರನೇ ಅಕ್ಷರವೆಂದು ಎಣಿಸಿ ಮೂರನೆಯದನ್ನು ಎಳೆದರೆ ಆರೋಗ್ಯವಾಗಿರುವ ಡಿಸ್ಕ್ ಹೊರಬಂದು, ಒಂದೇ ಡಿಸ್ಕ್‌ನ ನಷ್ಟ ತಾಳಬಲ್ಲ ರೇಡ್ 5 ಆ ಕ್ಷಣ ಕುಸಿಯಬಹುದು. ಆ ಹೆಸರು ಸರ್ವರ್ ಪ್ರತಿ ಸಲ ಶುರುವಾದಾಗಲೂ ಬದಲಾಗಬಹುದು. ಬದಲಾಗದೆ ಉಳಿಯುವುದು ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಮಾತ್ರ. ಸರ್ವರ್ ಹೊಸದಾಗಿ ಬಂದ ದಿನವೇ ಆ ನಂಬರನ್ನು ಪ್ರತಿ ಟ್ರೇಯ ಮುಂದೆ ಚೀಟಿ ಬರೆದು ಅಂಟಿಸಿಡಬೇಕು. ಚೀಟಿ ಇಲ್ಲದಿದ್ದರೆ ಗುರುತಿನ ದೀಪ ಮಿನುಗಿಸಿ ನೋಡಬೇಕು. ಆ ದೀಪವೂ ಇಲ್ಲದಿದ್ದರೆ, ಕಚೇರಿಯ ಕೆಲಸ ಅರ್ಧ ಗಂಟೆ ನಿಂತರೂ ಸರಿ, ಸರ್ವರ್ ಆರಿಸಿ ಒಂದೊಂದೇ ಟ್ರೇ ಹೊರತೆಗೆದು ನಂಬರ್ ಓದಿಯೇ ಡಿಸ್ಕ್ ಬದಲಿಸಬೇಕು.