ಗಿಟಾರ್ ವಾದನದಲ್ಲಿ ಸಂಯಮ: ಬ್ಲೂಸ್ ಪರಂಪರೆಯನ್ನು ಕುರಿತ ಒಂದು ವಿಚಾರ

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತವನ್ನು ಕುರಿತು ಬರೆಯುವವರು ಗಿಟಾರ್ ವಾದಕರನ್ನು ಎರಡು ಗುಂಪುಗಳಾಗಿ ವಿಂಗಡಿಸುವುದು ವಾಡಿಕೆ. ಬೆರಳ ಚುರುಕಿನಿಂದ ಸ್ವರಗಳ ಮಳೆಗರೆಯುವವರು ಒಂದು ಕಡೆ. ಕೆಲವೇ ಸ್ವರಗಳಿಂದ ಕೇಳುವವರ ಮನಸ್ಸನ್ನು ಕಲಕುವವರು ಇನ್ನೊಂದು ಕಡೆ. ಮೊದಲನೆಯವರಿಗೆ ವಿದ್ಯೆ ಉಂಟು, ಎರಡನೆಯವರಿಗೆ ಭಾವ ಉಂಟು ಎಂದು ಹಂಚಿಕೊಟ್ಟು ವಿಮರ್ಶಕರು ತೃಪ್ತರಾಗುತ್ತಾರೆ. ಮೇಲುನೋಟಕ್ಕೆ ಇದು ಎರಡನೆಯ ಗುಂಪಿನವರಿಗೆ ಸಲ್ಲಿಸಿದ ಗೌರವದಂತೆ ಕಾಣುತ್ತದೆ. ಆದರೆ ಇದರಲ್ಲಿ ಒಂದು ಅನ್ಯಾಯ ಅಡಗಿದೆಯೆಂದು ನಮಗೆ ತೋರುತ್ತದೆ. ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, 1865ರಲ್ಲಿ ಗುಲಾಮಗಿರಿ ಕೊನೆಗೊಂಡ ತರುವಾಯ, ಬಿಡುಗಡೆ ಹೊಂದಿದ ಕಪ್ಪು ಜನರೂ ಅವರ ಮಕ್ಕಳು ಮೊಮ್ಮಕ್ಕಳೂ ಕಟ್ಟಿದ ಕಲೆ. ಅವರ ವಾದನವನ್ನು ಕೇವಲ ಸಹಜ ಭಾವವೆಂದು ಹೊಗಳುವುದೆಂದರೆ ಅವರ ನೋವನ್ನು ಒಪ್ಪಿಕೊಂಡು ಅವರ ವಿದ್ಯೆಯನ್ನು ನಿರಾಕರಿಸಿದಂತೆ. ಸಂಯಮವು ಕಲಿತು ಸಾಧಿಸಿದ ವಿದ್ಯೆಯೆಂಬುದನ್ನು ಕೆಲವು ಧ್ವನಿಮುದ್ರಿಕೆಗಳ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಸಂಗೀತದ ರಚನೆಯನ್ನು ಗಮನಿಸಬೇಕು. ಬ್ಲೂಸ್ ಹಾಡಿನ ಪ್ರಸಿದ್ಧ ಮಾದರಿಯಲ್ಲಿ ಹನ್ನೆರಡು ತಾಳಾವರ್ತಗಳಿಗೆ ಒಂದು ಪದ್ಯ. ಪದ್ಯಕ್ಕೆ ಮೂರು ಸಾಲು. ಒಂದೊಂದು ಸಾಲಿಗೂ ನಾಲ್ಕು ಆವರ್ತ. ಹಾಡುಗಾರನ ಮಾತು ಸುಮಾರು ಎರಡು ಆವರ್ತಗಳಲ್ಲಿ ಮುಗಿಯುತ್ತದೆ. ಉಳಿದ ಎರಡು ವಾದ್ಯದ ಪಾಲು. ಒಬ್ಬರ ಕರೆಗೆ ಇನ್ನೊಬ್ಬರು ಓಗೊಡುವ ಈ ಪದ್ಧತಿ ಹೊಲದ ದುಡಿಮೆಯ ಹಾಡುಗಳಲ್ಲಿಯೂ ಕಪ್ಪು ಜನರ ಚರ್ಚುಗಳ ಪ್ರಾರ್ಥನೆಯಲ್ಲಿಯೂ ಬ್ಲೂಸಿಗಿಂತ ಮೊದಲೇ ಬೇರುಬಿಟ್ಟಿತ್ತು. ಹೀಗಾಗಿ ಗಿಟಾರಿನ ಕೆಲಸ ಇಲ್ಲಿ ಮಾತಿಗೆ ಉತ್ತರ ಕೊಡುವುದು. ಉತ್ತರ ಕೊಡುವವನು ಮೊದಲು ಕೇಳಿಸಿಕೊಳ್ಳಬೇಕು. ತನ್ನ ಸರದಿ ಮುಗಿದಾಗ ನಿಲ್ಲಿಸಬೇಕು. ಸಂಯಮದ ಮೊದಲ ಪಾಠ ಈ ರಚನೆಯಲ್ಲಿಯೇ ಇದೆ.

ಎರಡನೆಯದು ಸ್ವರದ ಸ್ವರೂಪ. ಬ್ಲೂಸ್ ವಾದಕನು ಗಿಟಾರಿನ ತಂತಿಯನ್ನು ಮೆಟ್ಟಿನ ಮೇಲೆ ಅಡ್ಡಲಾಗಿ ಎಳೆದು ಸ್ವರವನ್ನು ಏರಿಸುತ್ತಾನೆ. ವೀಣೆಯ ಗಮಕಗಳನ್ನು ಕೇಳಿ ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಎರಡು ಮೆಟ್ಟುಗಳ ನಡುವಿನ ಹೆಸರಿಲ್ಲದ ಸ್ಥಾನಗಳು ಇದರಿಂದ ವಾದಕನ ವಶವಾಗುತ್ತವೆ. ಲೆಕ್ಕಕ್ಕೆ ಒಂದೇ ಸ್ವರವೆನಿಸುವುದರಲ್ಲಿ ಏರಿಕೆ, ನಿಲುಗಡೆ, ಕಂಪನ, ಇಳಿಕೆ ಎಂಬ ನಾಲ್ಕು ವ್ಯಾಪಾರಗಳು ನಡೆದಿರುತ್ತವೆ. ಸ್ವರಗಳನ್ನು ಎಣಿಸಿ ವಿದ್ಯೆಯನ್ನು ಅಳೆಯುವವರು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಮೊದಲ ಸಾಕ್ಷ್ಯ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಗಾಯಕನದು. ಟೆಕ್ಸಾಸಿನ ಬೀದಿಗಳಲ್ಲಿ ದೈವಭಕ್ತಿಯ ಹಾಡುಗಳನ್ನು ಹಾಡುತ್ತಿದ್ದ ಈತನು 1927ರ ಡಿಸೆಂಬರ್ 3ರಂದು ಡಲ್ಲಾಸ್ ನಗರದಲ್ಲಿ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಎಂಬುದನ್ನು ಮುದ್ರಿಸಿದನು. ಹೆಸರು ಒಂದು ಹಳೆಯ ಕ್ರೈಸ್ತ ಕೀರ್ತನೆಯದು. ಆದರೆ ಮುದ್ರಿಕೆಯಲ್ಲಿ ಕೀರ್ತನೆಯ ಮಾತುಗಳಿಲ್ಲ. ಜಾನ್ಸನ್ ಬಾಯಿ ಮುಚ್ಚಿ ಗುನುಗುತ್ತಾನೆ, ನರಳುತ್ತಾನೆ. ತಂತಿಯ ಮೇಲೆ ಜಾರುವ ಸಾಧನವು ಅದೇ ದನಿಯನ್ನು ಹಿಂಬಾಲಿಸುತ್ತದೆ. ಯಾವುದು ಕಂಠ, ಯಾವುದು ತಂತಿ ಎಂದು ಒಮ್ಮೊಮ್ಮೆ ತಿಳಿಯದು. ಇದು ಉಕ್ಕಿ ಹರಿದ ದುಃಖವೆಂದು ಹೇಳಿಬಿಡುವುದು ಸುಲಭ. ಆದರೆ ಮೆಟ್ಟಿನ ಆಸರೆಯಿಲ್ಲದೆ ಜಾರುವ ಕೈಗೆ ಸ್ವರಸ್ಥಾನವನ್ನು ತೋರಿಸುವುದು ಕಿವಿಯೊಂದೇ. ಆ ಖಚಿತತೆ ದುಃಖದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಅಂತರಿಕ್ಷಕ್ಕೆ ಕಳುಹಿಸಿದ ಚಿನ್ನಲೇಪಿತ ಮುದ್ರಿಕೆಯಲ್ಲಿ ಈ ವಾದನಕ್ಕೆ ಸ್ಥಾನ ದೊರೆಯಿತು. ಜಾನ್ಸನ್ 1945ರಲ್ಲಿ ಬಡತನದಲ್ಲಿಯೇ ತೀರಿಕೊಂಡಿದ್ದನು.

ಎರಡನೆಯ ಸಾಕ್ಷ್ಯ ಬಿ. ಬಿ. ಕಿಂಗ್ (1925–2015). ಮಿಸಿಸಿಪ್ಪಿಯ ಹತ್ತಿಯ ಸೀಮೆಯಲ್ಲಿ ಹುಟ್ಟಿ, ಹೊಲಗಳಲ್ಲಿ ದುಡಿದು ಬೆಳೆದ ಈತನು ಮೆಂಫಿಸ್ ನಗರಕ್ಕೆ ಬಂದು ಡಬ್ಲ್ಯು.ಡಿ.ಐ.ಎ. ಬಾನುಲಿ ಕೇಂದ್ರದಲ್ಲಿ ಮುದ್ರಿಕೆಗಳನ್ನು ಕೇಳಿಸುವ ಉದ್ಯೋಗ ಹಿಡಿದನು. ಟಿ-ಬೋನ್ ವಾಕರ್, ಲಾನಿ ಜಾನ್ಸನ್ ಮೊದಲಾದ ಬ್ಲೂಸ್ ವಾದಕರನ್ನೂ, ಜಾಸ್ ವಾದಕರಾದ ಚಾರ್ಲಿ ಕ್ರಿಶ್ಚಿಯನ್, ಜಾಂಗೊ ರೈನ್‌ಹಾರ್ಟ್ ಅವರನ್ನೂ ಕೇಳಿ ಕಲಿತದ್ದಾಗಿ ಆತನೇ ಹೇಳಿಕೊಂಡಿದ್ದಾನೆ. ಬಂಧುವಾದ ಬುಕ್ಕಾ ವೈಟ್ ಜಾರುಸಾಧನದಿಂದ ಹೊರಡಿಸುತ್ತಿದ್ದ ನಾದ ತನ್ನ ಕೈಗೆ ಒಗ್ಗದಿದ್ದಾಗ, ಬರಿಯ ಬೆರಳನ್ನೇ ತಂತಿಯ ಮೇಲೆ ನಡುಗಿಸಿ ಅದನ್ನು ಅನುಕರಿಸಲು ಯತ್ನಿಸಿದೆನೆಂದೂ ಹೇಳಿದ್ದಾನೆ. ಕಲಾವಿದರು ಮುಪ್ಪಿನಲ್ಲಿ ಹೇಳಿದ ನೆನಪುಗಳನ್ನು ಇತಿಹಾಸಕಾರನು ಎಚ್ಚರದಿಂದ ಸ್ವೀಕರಿಸಬೇಕು. ಆದರೆ ಇಲ್ಲಿ ಮುದ್ರಿಕೆಗಳು ನೆನಪಿಗೆ ಸಾಕ್ಷಿಯಾಗಿವೆ: ಕಿಂಗನ ಕಂಪನವು ಸ್ವರದ ಕೊನೆಗೆ ಅಂಟಿಸಿದ ಅಲಂಕಾರವಲ್ಲ, ಸ್ವರದ ದೇಹವೇ ಅದು. ಕೊರತೆಯೊಂದು ಸಾಧನೆಯಿಂದ ಶೈಲಿಯಾಗಿ ಮಾರ್ಪಟ್ಟಿತು.

ಹಾಡುವಾಗ ಗಿಟಾರ್ ನುಡಿಸಲು ತನಗೆ ಬಾರದೆಂದು ಕಿಂಗ್ ಹೇಳುತ್ತಿದ್ದನು. ಅವನ ಹಾಡಿಕೆಯಲ್ಲಿ ಮಾತು ನಿಂತಲ್ಲಿ ತಂತಿ ಮೊದಲಾಗುತ್ತದೆ, ತಂತಿ ನಿಂತಲ್ಲಿ ಮಾತು. 1951ರಲ್ಲಿ ಮುದ್ರಿತವಾದ ‘ತ್ರೀ ಓ’ಕ್ಲಾಕ್ ಬ್ಲೂಸ್’ನಲ್ಲಿಯೇ ಈ ಕ್ರಮ ಕಾಣುತ್ತದೆ. 1964ರ ನವೆಂಬರಿನಲ್ಲಿ ಷಿಕಾಗೊ ನಗರದ ರೀಗಲ್ ರಂಗಮಂದಿರದಲ್ಲಿ ಮುದ್ರಿಸಿದ ಕಚೇರಿಯಲ್ಲಿ ಇದಕ್ಕೆ ಮೂರನೆಯ ದನಿಯೊಂದು ಸೇರುತ್ತದೆ, ಸಭಿಕರದು. ಕಿಂಗ್ ಬಿಟ್ಟ ಎಡೆಯಲ್ಲಿ ಅವರು ಕೂಗುತ್ತಾರೆ, ನಗುತ್ತಾರೆ, ಒಪ್ಪಿಗೆ ಸೂಚಿಸುತ್ತಾರೆ. ಆ ಎಡೆಗಳನ್ನು ಸ್ವರಗಳಿಂದ ತುಂಬಿದ್ದರೆ ಸಭೆಗೆ ಬಾಯಿಯೇ ಇರುತ್ತಿರಲಿಲ್ಲ. 1969ರಲ್ಲಿ ಮುದ್ರಿಸಿದ ‘ದ ಥ್ರಿಲ್ ಈಸ್ ಗಾನ್’ ಇದೇ ಗುಣದ ಪರಿಪಾಕ. ರಾಯ್ ಹಾಕಿನ್ಸ್ 1951ರಲ್ಲಿ ಹಾಡಿದ್ದ ಹಾಡು ಅದು. ಕಿಂಗನ ಮುದ್ರಿಕೆಯಲ್ಲಿ ಪಿಟೀಲು ಮೇಳ ಮೆಲ್ಲಮೆಲ್ಲನೆ ಬೆಳೆಯುತ್ತ ಹೋಗುತ್ತದೆ. ಗಿಟಾರ್ ಮಾತ್ರ ಬೆಳೆಯಲು ಒಪ್ಪುವುದಿಲ್ಲ. ಸುತ್ತಲಿನ ನಾದ ಹೆಚ್ಚಿದಷ್ಟೂ ಅದು ಚಿಕ್ಕ ಚಿಕ್ಕ ನುಡಿಗಳಲ್ಲಿಯೇ ಉಳಿಯುತ್ತದೆ. ಪ್ರೇಮ ಮುಗಿದುಹೋಯಿತೆಂದು ತಿಳಿದವನ ಹಾಡಿಗೆ ಇದಕ್ಕಿಂತ ತಕ್ಕ ವಾದನವಿಲ್ಲ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣ ಇದೇ ಎನ್ನಬಹುದು.

ಈ ಸಂಯಮ ಒಂದು ಜನಾಂಗದ ರಕ್ತಗುಣವಾಗಿದ್ದರೆ ಹೊರಗಿನವರಿಗೆ ಅದು ದಕ್ಕಬಾರದಾಗಿತ್ತು. ಲಂಡನ್ನಿನ ಪೀಟರ್ ಗ್ರೀನ್ (1946–2020) ಈ ವಾದಕ್ಕೆ ವಿರುದ್ಧವಾದ ಸಾಕ್ಷಿ. ಅಮೆರಿಕದ ಮುದ್ರಿಕೆಗಳನ್ನು ಕೇಳಿ ಬೆಳೆದ ಈ ತರುಣನು 1966ರಲ್ಲಿ ಜಾನ್ ಮೇಯಾಲನ ತಂಡದಲ್ಲಿ ಎರಿಕ್ ಕ್ಲ್ಯಾಪ್ಟನ್ ತೆರವು ಮಾಡಿದ ಸ್ಥಾನಕ್ಕೆ ಬಂದನು. 1967ರ ‘ದ ಸೂಪರ್‌ನ್ಯಾಚುರಲ್’ ಎಂಬ ವಾದನದಲ್ಲಿ ಗ್ರೀನ್ ಒಂದು ಸ್ವರವನ್ನು ದೀರ್ಘವಾಗಿ ಹಿಡಿದು ನಿಲ್ಲಿಸುತ್ತಾನೆ. ಧ್ವನಿವರ್ಧಕದ ನಾದ ಮರಳಿ ತಂತಿಯನ್ನು ಮುಟ್ಟಿ ಅದನ್ನು ಆರದಂತೆ ಕಾಯುತ್ತದೆ. ಫ್ಲೀಟ್‌ವುಡ್ ಮ್ಯಾಕ್ ತಂಡದೊಡನೆ ಮುದ್ರಿಸಿದ ‘ಆಲ್ಬಟ್ರಾಸ್’ 1968ರಲ್ಲಿ ಹೊರಬಂದು ಮುಂದಿನ ವರ್ಷದ ಆದಿಯಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯ ತಲೆಯನ್ನೇರಿತು. ಅದರಲ್ಲಿ ಮಾತಿಲ್ಲ, ವೇಗವಿಲ್ಲ. ಗ್ರೀನನ ನಾದವನ್ನು ಕಿಂಗ್ ಬಹಿರಂಗವಾಗಿ ಮೆಚ್ಚಿದುದೂ ಉಂಟು. ಇದರಿಂದ ಸಿದ್ಧವಾಗುವುದೇನು? ಈ ವಿದ್ಯೆಗೆ ಗುರುಗಳಿದ್ದರು, ಪಾಠಗಳಿದ್ದವು, ಕಿವಿಗೊಟ್ಟವರು ಕಲಿಯಬಹುದಾಗಿತ್ತು. ಆದರೆ ಫಲದ ಹಂಚಿಕೆ ಸಮನಾಗಿರಲಿಲ್ಲ. ಇಪ್ಪತ್ತೆರಡರ ಶಿಷ್ಯನು ಆ ಪಟ್ಟಿಯ ತಲೆಯಲ್ಲಿದ್ದ 1969ರಲ್ಲಿ, ನಲವತ್ತು ದಾಟಿದ ಗುರುವು ರೋಲಿಂಗ್ ಸ್ಟೋನ್ಸ್ ತಂಡದ ಅಮೆರಿಕ ಪ್ರವಾಸದಲ್ಲಿ ಅವರ ಕಚೇರಿಗೆ ಮುನ್ನ ನುಡಿಸುತ್ತಿದ್ದನು.

ರಾಕ್ ಸಂಗೀತದ ದೊಡ್ಡ ರಚನೆಗಳಲ್ಲಿಯೂ ಈ ವಿದ್ಯೆ ಬಾಳಿತು. ಪಿಂಕ್ ಫ್ಲಾಯ್ಡ್ ತಂಡದ ‘ಷೈನ್ ಆನ್ ಯೂ ಕ್ರೇಜಿ ಡೈಮಂಡ್’ನಲ್ಲಿ (1975) ಡೇವಿಡ್ ಗಿಲ್ಮೋರನು ನಾಲ್ಕು ಸ್ವರಗಳ ಒಂದು ನುಡಿಯನ್ನು ಮೀಟಿ ಸುಮ್ಮನಾಗುತ್ತಾನೆ, ಅದು ಆರುವವರೆಗೆ ಕಾದು ಮತ್ತೆ ಮೀಟುತ್ತಾನೆ. ಹಾಡಿನ ಮಾತು ಮೊದಲಾಗುವುದು ಎಂಟು ನಿಮಿಷ ಕಳೆದ ಮೇಲೆ. ತಂಡವನ್ನು 1968ರಲ್ಲಿ ಬಿಟ್ಟುಹೋದ ಸಿಡ್ ಬ್ಯಾರೆಟ್‌ನ ನೆನಪಿಗೆ ಕಟ್ಟಿದ ರಚನೆಯಿದು. ಇಲ್ಲದವನಿಗಾಗಿ ಬಿಟ್ಟ ಸ್ಥಳವೆಂಬಂತೆ ಆ ಮೌನ ಕೇಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಸ್ವರ ಕಡಿಮೆಯಾದ ಮಾತ್ರಕ್ಕೆ ವಾದನ ಶ್ರೇಷ್ಠವಾಗುವುದೆ? ಖಂಡಿತವಾಗಿ ಇಲ್ಲ. ಹೇಳಲು ಏನೂ ಇಲ್ಲದವನ ಮೌನವೂ ಮೌನವೇ. ಕಿಂಗನ ನಿಲುಗಡೆಗಳನ್ನೂ ಗ್ರೀನನ ದೀರ್ಘ ಸ್ವರಗಳನ್ನೂ ಅನುಕರಿಸಿದವರಲ್ಲಿ ಅನೇಕರು ನಿಧಾನವನ್ನು ಮಾತ್ರ ಕಲಿತರು. ಅವರ ವಾದನ ಹಿತವಾದ ಹಿನ್ನೆಲೆಯಾಗಿ ಉಳಿಯಿತು. ಮತ್ತೊಂದು ಮಾತು: ರೀಗಲ್ ಕಚೇರಿಯಲ್ಲಿ ಕಿಂಗ್ ಸಂದರ್ಭ ಬಂದಾಗ ಚುರುಕಾಗಿಯೂ ನುಡಿಸಿದ್ದಾನೆ. ಆದುದರಿಂದ ಸಂಯಮವೆಂದರೆ ಅಲ್ಪತೆಯಲ್ಲ. ಕೈಯಲ್ಲಿ ಇನ್ನೂ ಇರುವಾಗ ಸಾಕೆಂದು ತಿಳಿಯುವುದು ಸಂಯಮ. ಇದನ್ನು ಪರೀಕ್ಷಿಸಲು ವಾದಕನು ಎಷ್ಟು ನುಡಿಸಿದನೆಂದು ಎಣಿಸಿದರೆ ಸಾಲದು. ಎಲ್ಲಿ ನಿಲ್ಲಿಸಿದನು, ನಿಲ್ಲಿಸಿದ ಮೇಲೆ ಆ ಎಡೆಯಲ್ಲಿ ಯಾರ ದನಿ ಕೇಳಿಸಿತು ಎಂಬುದನ್ನು ಗಮನಿಸಬೇಕು.

ಇತಿಹಾಸದ ಅಭ್ಯಾಸಿಗಳಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು. ಬರವಣಿಗೆಯ ದಾಖಲೆಗಳನ್ನು ಹೆಚ್ಚಾಗಿ ಬಿಟ್ಟುಹೋಗದ ಜನರ ವಿಷಯದಲ್ಲಿ, ಅವರು ಅನುಭವಿಸಿದುದನ್ನು ಬರೆದು, ಅವರು ಯೋಚಿಸಿ ಕಟ್ಟಿದುದನ್ನು ಮರೆಯುವ ಪ್ರಮಾದ ಸುಲಭವಾಗಿ ಸಂಭವಿಸುತ್ತದೆ. ಮೂರು ನಿಮಿಷಗಳ ಹಳೆಯ ಮುದ್ರಿಕೆಯೊಂದು ಶಾಸನದಷ್ಟೇ ಗಂಭೀರವಾದ ಆಧಾರ. ಅದರಲ್ಲಿ ನೋವನ್ನು ಮಾತ್ರ ಕೇಳದೆ, ನೋವಿಗೆ ಅಳತೆ ಕೊಟ್ಟ ಬುದ್ಧಿಯನ್ನೂ ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.