ನಡಾವಳಿ ಮೊದಲು, ಮಾತು ಆಮೇಲೆ

2021ರಲ್ಲಿ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿ ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ಷೇರು ಮಾರಾಟಕ್ಕೆ ಅರ್ಜಿ ಹಾಕಿತು. ಪ್ರಧಾನ ಕಚೇರಿಯ ವಿಳಾಸ ಬರೆಯಬೇಕಾದ ಜಾಗದಲ್ಲಿ ‘ವಿಳಾಸ ಅನ್ವಯಿಸುವುದಿಲ್ಲ’ ಎಂದು ತುಂಬಿ, ಕೆಳಗೊಂದು ಅಡಿಟಿಪ್ಪಣಿ ಹಾಕಿತ್ತು: ನಾವೆಲ್ಲ ದೂರದಿಂದಲೇ ಕೆಲಸ ಮಾಡುವವರು, ನಮಗೆ ಪ್ರಧಾನ ಕಚೇರಿಯಿಲ್ಲ. ಆ ಹೊತ್ತಿಗೆ ಅದರ ನೌಕರರು ಸಾವಿರ ದಾಟಿದ್ದರು, ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಚದುರಿದ್ದರು. ಇಷ್ಟು ಜನರನ್ನು ಒಂದೇ ಸೂರಿನಡಿ ಹಿಡಿದಿಟ್ಟಿದ್ದು ಒಂದು ಕೈಪಿಡಿ. ಅಚ್ಚು ಹಾಕಿದರೆ 2,000 ಪುಟ ಮೀರುವ ಅದನ್ನು ಕಂಪನಿಯ ಹೊರಗಿನವರೂ ತೆರೆದು ಓದಬಹುದು. 2020ರ ಲಾಕ್‌ಡೌನ್‌ನಲ್ಲಿ ಮನೆಯ ಊಟದ ಮೇಜನ್ನೇ ಆಫೀಸು ಮಾಡಿಕೊಂಡ ಕಂಪನಿಗಳಿಗೆ ಇದು ಪಠ್ಯಪುಸ್ತಕವಾಯಿತು. ಪಠ್ಯಪುಸ್ತಕದ ಪಟ್ಟ ಸಿಕ್ಕ ಮೇಲೆ ಅದನ್ನು ಹೊಗಳಿದವರೇ ಹೆಚ್ಚು, ತೂಗಿ ನೋಡಿದವರು ಕಡಿಮೆ.

ಕಂಪನಿಯ ಹುಟ್ಟೇ ದೂರದ್ದು. 2011ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಡಿಮಿಟ್ರಿ ಝಪೊರೋಝೆಟ್ಸ್ ಗಿಟ್‌ಲ್ಯಾಬ್ ಬರೆಯಲು ಶುರುಮಾಡಿದರು. ಮನೆಗೆ ನಲ್ಲಿ ನೀರಿರಲಿಲ್ಲವಂತೆ, ಬಾವಿಯಿಂದ ಹೊತ್ತು ತರಬೇಕಿತ್ತಂತೆ. ಆದರೂ ಅವರಿಗೆ ನೀರಿಗಿಂತ ದೊಡ್ಡ ತಾಪತ್ರಯವಾಗಿ ಕಂಡಿದ್ದು ಜೊತೆಗೂಡಿ ಕೋಡ್ ಬರೆಯಲು ಒಳ್ಳೆಯ ಸಾಧನ ಇಲ್ಲದಿರುವುದು. ನೆದರ್ಲೆಂಡ್ಸಿನ ಸಿಡ್ ಸಿಬ್ರಾಂಡಿ ಅವರನ್ನು ಕೂಡಿಕೊಂಡು ಅದನ್ನು ಕಂಪನಿಯಾಗಿ ಬೆಳೆಸಿದರು. ಹೀಗೆ ಇಬ್ಬರು ಎರಡು ದೇಶಗಳಲ್ಲಿದ್ದು ಕೆಲಸ ಸಾಗಿಸಬೇಕಾದರೆ ಬರೆದಿಡದೆ ಗತಿಯಿರಲಿಲ್ಲ. ಕೈಪಿಡಿ ಬೆಳೆದದ್ದು ಆ ಅನಿವಾರ್ಯದಿಂದ. ಅದರಲ್ಲಿರುವ ಆದರ್ಶಗಳ ಭಾಷಣ ಆಮೇಲೆ ಸೇರಿಕೊಂಡದ್ದು, ನನಗೆ ಅಷ್ಟು ರುಚಿಸದ ಭಾಗವೂ ಅದೇ.

ರುಚಿಸುವುದು ಮೀಟಿಂಗ್ ಕುರಿತ ಪುಟಗಳು. ಕಾರ್ಯಸೂಚಿ ಇಲ್ಲದ ಮೀಟಿಂಗಿಗೆ ಹೋಗಬೇಕಾಗಿಲ್ಲ ಎಂಬ ನಿಯಮ ಎಲ್ಲ ಕಡೆ ಕೇಳಿಬರುವಂಥದ್ದೇ. ಗಿಟ್‌ಲ್ಯಾಬ್ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಮೀಟಿಂಗಿನ ಕರೆಯ ಜೊತೆಗೇ ಎಲ್ಲರೂ ತಿದ್ದಬಹುದಾದ ಒಂದು ಗೂಗಲ್ ಡಾಕ್ ಬರುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಅವರವರು ಮೊದಲೇ ಹೆಸರು ಹಾಕಿ ಬರೆದಿಡಬೇಕು. ಸರದಿ ಬಂದಾಗ ಬರೆದವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಅವರು ಬರಲಾಗದಿದ್ದರೆ ಬೇರೆ ಯಾರಾದರೂ ಅವರ ಪರವಾಗಿ ಓದುತ್ತಾರೆ, ಉತ್ತರವನ್ನು ಅಲ್ಲೇ ಕೆಳಗೆ ಟೈಪ್ ಮಾಡುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ತುಂಬುತ್ತದೆ, ಯಾರು ಏನು ಹೇಳಿದರು ಎಂಬುದು ಬರೆಯುವವರ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ನಡಾವಳಿಯೇ ಮೊದಲು ಶುರುವಾಗುತ್ತದೆ, ಮಾತು ಅದರ ಹಿಂದೆ ಬರುತ್ತದೆ. ದನಿ ಎತ್ತರಿಸಬಲ್ಲವರಿಗೆ ಮೀಟಿಂಗ್ ಒಲಿಯುವುದು ಹಳೆಯ ರೋಗ. ಅದಕ್ಕೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಎರಡು ವಾಕ್ಯ ಮೊದಲೇ ಬರೆದಿಟ್ಟ ಹೊಸಬರ ಪ್ರಶ್ನೆಯನ್ನು ಹಾರಿಸಿ ಮುಂದಿನದಕ್ಕೆ ಹೋಗುವುದು ಎಂಥ ಮ್ಯಾನೇಜರಿಗೂ ಮುಜುಗರದ ಕೆಲಸ.

ಇನ್ನೊಂದು ನಿಯಮ ನೋಡಲು ಚಿಕ್ಕದು. ಅರ್ಧ ತಂಡ ಕಾನ್ಫರೆನ್ಸ್ ರೂಮಿನಲ್ಲಿ, ಉಳಿದರ್ಧ ಪರದೆಯಲ್ಲಿ ಎಂಬ ಬೆರಕೆ ಮೀಟಿಂಗನ್ನು ಕೈಪಿಡಿ ನೇರವಾಗಿ ಬೈಯುತ್ತದೆ. ಒಬ್ಬರು ದೂರದಲ್ಲಿದ್ದರೂ ಸಾಕು, ಒಂದೇ ಕೋಣೆಯಲ್ಲಿ ಕೂತವರೂ ತಂತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಬೇಕು. ಕೋಣೆಯವರು ನಕ್ಕ ಜೋಕು ಏನೆಂದು ತಿಳಿಯದೆ, ಮ್ಯೂಟಿನಲ್ಲಿ ಸುಮ್ಮನೆ ಮುಗುಳ್ನಕ್ಕು ಕೂತವರಿಗೆ ಈ ನಿಯಮದ ಬೆಲೆ ಗೊತ್ತು. ಅರ್ಧ ಗಂಟೆಯದನ್ನು 25 ನಿಮಿಷಕ್ಕೆ, ಒಂದು ಗಂಟೆಯದನ್ನು 50 ನಿಮಿಷಕ್ಕೆ ಮುಗಿಸಬೇಕೆಂಬ ಸಲಹೆಯೂ ಇದೆ. ಅದು ಸರಿಯೇ, ಹೆಚ್ಚು ಹೇಳುವಂಥದ್ದಲ್ಲ.

ಸ್ಲ್ಯಾಕ್ ಚಾಟಿನ ನಿಯಮ ಮಾತ್ರ ನಿಜಕ್ಕೂ ಕಠಿಣ. ಅಲ್ಲಿ ಬರೆದದ್ದೆಲ್ಲ 90 ದಿನಕ್ಕೆ ಅಳಿಸಿಹೋಗುತ್ತದೆ. ‘ಅವತ್ತು ಚಾಟ್‌ನಲ್ಲಿ ಹೇಳಿದ್ನಲ್ಲ’ ಎಂಬ ವಾದಕ್ಕೆ ಮೂರು ತಿಂಗಳ ಮೇಲೆ ಆಯುಸ್ಸಿಲ್ಲ. ಉಳಿಯಬೇಕಾದ ತೀರ್ಮಾನವನ್ನು ಕೈಪಿಡಿಗೋ ಆ ಕೆಲಸದ ದಾಖಲೆಗೋ ಸಾಗಿಸಲೇಬೇಕು. ಶಿಸ್ತನ್ನು ಉಪದೇಶಕ್ಕೆ ಬಿಡದೆ ಯಂತ್ರಕ್ಕೇ ಕಟ್ಟಿದ ಈ ಜಾಣತನ ಪುಸ್ತಕದ ಬೇರೆ ಭಾಗಗಳಲ್ಲಿ ಅಪರೂಪ.

ಬರೆದಿಡುವ ಅಭ್ಯಾಸಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು 2017ರ ಜನವರಿ 31ರ ರಾತ್ರಿ. ದಿನದ ಕೆಲಸ ಮುಗಿಸಿ ಏಳುವ ಹೊತ್ತಿನಲ್ಲಿದ್ದ ಎಂಜಿನಿಯರ್ ಒಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಡೇಟಾ ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಒಂದೂ ಕೈಗೆ ಬರಲಿಲ್ಲ. ಬಳಸಿದ ಸಾಧನದ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ವಿಫಲವಾದಾಗ ಇಮೇಲೂ ಹೋಗುತ್ತಿತ್ತು, ಆದರೆ ಮೇಲ್ ಸುರಕ್ಷತೆಯ ತಪಾಸಣೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಕಂಪನಿಯನ್ನು ಉಳಿಸಿತು. ದುರಸ್ತಿಯನ್ನು ಅವರು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು, ಟಿಪ್ಪಣಿಗಳ ಡಾಕನ್ನು ಜಗತ್ತಿಗೆ ತೆರೆದಿಟ್ಟರು. ಆಮೇಲೆ ಹೊರಬಂದ ವರದಿಯಲ್ಲಿ ಆ ಎಂಜಿನಿಯರಿನ ಹೆಸರಿಲ್ಲ. ‘ತಂಡದ ಸದಸ್ಯ-1’ ಎಂದಷ್ಟೇ ಇದೆ.

ಗಿಟ್‌ಲ್ಯಾಬ್ ಅಭಿಮಾನಿಗಳು ಈ ಕಥೆಯನ್ನು ಪಾರದರ್ಶಕತೆಯ ಗೆಲುವಾಗಿ ಹೇಳುತ್ತಾರೆ. ಹೌದು, ತಪ್ಪು ಮಾಡಿದವರನ್ನು ಬಿಟ್ಟು ತಪ್ಪಿನ ದಾರಿಯನ್ನು ಹುಡುಕಿದ ರೀತಿ ಮೆಚ್ಚಬೇಕಾದ್ದೇ. ನನಗೆ ಹೆಚ್ಚು ಕಾಡುವುದು ಆ ತಲುಪದ ಇಮೇಲು. ಎಲ್ಲವನ್ನೂ ಬರೆಯುವ ಕಂಪನಿಯಲ್ಲಿ, ಬರೆದು ಕಳಿಸಿದ್ದನ್ನು ಓದುವವರು ಇದ್ದಾರೆಯೇ ಎಂದು ನೋಡುವ ಹೊಣೆ ಯಾರ ಮೇಲೂ ಇರಲಿಲ್ಲ. ಕೈಪಿಡಿಗೂ ಇದೇ ದೋಷ ಅಂಟಿದೆ. ಎಲ್ಲವೂ ಇದೆ, ಆದರೆ 2,000 ಪುಟಗಳಲ್ಲಿದೆ. ‘ಕೈಪಿಡಿ ನೋಡಿ’ ಎಂಬ ಉತ್ತರ ಎಷ್ಟೋ ಸಲ ಸಹಾಯ, ಕೆಲವೊಮ್ಮೆ ಜಾರಿಕೊಳ್ಳುವ ದಾರಿ.

ಹೊತ್ತಿನ ವಿಷಯಕ್ಕೆ ಬಂದರೂ ಹೀಗೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಬೆಳಗಿನ ಒಂಬತ್ತು ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಮೀಟಿಂಗ್ ರೆಕಾರ್ಡ್ ಆಗುತ್ತದೆ, ಡಾಕ್ ಇದೆ, ಬೆಳಗ್ಗೆ ನೋಡಿಕೊಳ್ಳಿ ಎನ್ನುತ್ತದೆ ಕೈಪಿಡಿ. ಪ್ರಶ್ನೆಗೆ ಉತ್ತರವನ್ನು ಹಾಗೆ ಪಡೆಯಬಹುದು. ಉತ್ತರ ಕೇಳಿ ಹುಟ್ಟಿದ ಮರುಪ್ರಶ್ನೆಗೆ ಮಾತ್ರ ಒಂದು ದಿನ ತಡ. ಮಗುವಿಗೆ ಊಟ ಮಾಡಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಇಯರ್‌ಫೋನ್ ಸಿಕ್ಕಿಸಿಕೊಂಡು ಮಂಚದ ತುದಿಯಲ್ಲಿ ಕಾಲ್‌ಗೆ ಕೂರುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ನಿಯಮವೇನೋ ಅವರನ್ನು ಮಲಗಿ ಎನ್ನಬಹುದು, ಮುಂದಿನ ಬಡ್ತಿಯ ಯೋಚನೆ ಮಲಗಲು ಬಿಡುವುದಿಲ್ಲ.

ನಮ್ಮಲ್ಲಿ ಈ ಪುಸ್ತಕವನ್ನು ಅರೆಬರೆಯಾಗಿ ಎರವಲು ತಂದ ಕಂಪನಿಗಳೇ ಹೆಚ್ಚು. ಕ್ಯಾಲೆಂಡರಿನಲ್ಲಿ 25 ನಿಮಿಷ ಬಂತು, ಅಜೆಂಡಾ ಡಾಕ್ ಬಂತು. ತೀರ್ಮಾನ ಮಾತ್ರ ಮೀಟಿಂಗಿಗೆ ಮೊದಲೇ ಇಬ್ಬರ ಫೋನ್ ಕಾಲಿನಲ್ಲೋ ಮ್ಯಾನೇಜರುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಆಗಿರುತ್ತದೆ. ಹಾಗಾದಾಗ ಡಾಕ್ ಬರೀ ಸಹಿ ಹಾಕಿಸಿಕೊಳ್ಳುವ ಪುಸ್ತಕ. ಅದಕ್ಕಿಂತ ಡಾಕ್ ಇಲ್ಲದ ಮೀಟಿಂಗೇ ಪ್ರಾಮಾಣಿಕ ಎನ್ನಬೇಕು.

ಆದರೆ ನನ್ನ ದೊಡ್ಡ ತಕರಾರು ಮೂಲದ ಮೇಲೆಯೇ. ದನಿಯ ಯಜಮಾನಿಕೆಯನ್ನು ಮುರಿದ ಈ ಪದ್ಧತಿ ಅದೇ ಜಾಗದಲ್ಲಿ ಇಂಗ್ಲಿಷ್ ಬರವಣಿಗೆಯ ಯಜಮಾನಿಕೆಯನ್ನು ಕೂರಿಸಿದೆ. ಹಿನ್ನೆಲೆ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಬಿಡಿಸಿ ಬರೆಯಿರಿ ಎಂದು ಕೈಪಿಡಿ ಪದೇ ಪದೇ ಕೇಳುತ್ತದೆ. ಹಾಗೆ ಬಿಡಿಸಿ ಬರೆಯಲು ಭಾಷೆ ಕೈಯಲ್ಲಿರಬೇಕು. ಬೆಂಗಳೂರಿನ ತಂಡಗಳಲ್ಲಿ ಒಂದು ಬಗ್ ಯಾಕೆ ಹುಟ್ಟಿತೆಂದು ಕನ್ನಡ, ತೆಲುಗು, ಹಿಂದಿ ಬೆರೆಸಿ, ಕೈ ಆಡಿಸಿ, ಹತ್ತು ನಿಮಿಷದಲ್ಲಿ ಸ್ಫಟಿಕದಂತೆ ತೋರಿಸುವ ಎಂಜಿನಿಯರುಗಳಿದ್ದಾರೆ. ಅದೇ ವಿವರಣೆ ಡಾಕ್‌ಗೆ ಇಳಿದಾಗ ಎರಡು ಮುರುಕು ವಾಕ್ಯವಾಗಿರುತ್ತದೆ. ಪಕ್ಕದಲ್ಲಿ ನುಣುಪಾಗಿ ಬರೆದ ಸಾಧಾರಣ ಯೋಚನೆಯೊಂದು ಅದಕ್ಕಿಂತ ಆಳವಾಗಿ ಕಾಣುತ್ತದೆ. ಗೈರುಹಾಜರಾದವರ ಪ್ರಶ್ನೆಯನ್ನು ಇನ್ನೊಬ್ಬರು ಓದಿ ಹೇಳುವ ವ್ಯವಸ್ಥೆ ಈ ಪುಸ್ತಕದಲ್ಲಿದೆಯಲ್ಲ, ಅದರ ತಿರುವುಮುರುವು ಕೂಡ ಬೇಕು: ಬಾಯಲ್ಲಿ ಚೆನ್ನಾಗಿ ಹೇಳಬಲ್ಲವರ ಮಾತನ್ನು, ಯಾವ ಭಾಷೆಯಲ್ಲಿ ಬಂದರೂ, ಕೇಳಿ ಬರೆದು, ಅವರಿಗೇ ಓದಿ ತೋರಿಸಿ, ಅವರ ಹೆಸರಿನಲ್ಲೇ ದಾಖಲಿಸುವ ಕೆಲಸ. ತಂಡದಲ್ಲಿ ಸರದಿಯ ಮೇಲೆ ಯಾರಾದರೂ ಮಾಡಬಹುದಾದ ಈ ಕೆಲಸಕ್ಕೆ ಕಂಪನಿ ಸಮಯ ಕೊಡಬೇಕು, ವರ್ಷದ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೂ ಹಿಡಿಯಬೇಕು.