‘ಬೇಡರ ಕಣ್ಣಪ್ಪ’: ರಂಗದಿಂದ ತೆರೆಗೆ

ಗುಬ್ಬಿ ಕಂಪನಿಯ ‘ಬೇಡರ ಕಣ್ಣಪ್ಪ’ ನಾಟಕವನ್ನು ಆಧರಿಸಿ ಎಚ್. ಎಲ್. ಎನ್. ಸಿಂಹ ಅವರು 1954ರಲ್ಲಿ ನಿರ್ದೇಶಿಸಿದ ಚಿತ್ರವು ರಾಜಕುಮಾರರನ್ನು ನಾಯಕನಟರನ್ನಾಗಿ ನಾಡಿಗೆ ಪರಿಚಯಿಸಿತೆಂಬುದು ಸರ್ವವಿದಿತ. ಆದರೆ ಸುರಪುರದ ಇತಿಹಾಸವನ್ನು ಬಲ್ಲವರಿಗೆ ಈ ಚಿತ್ರವನ್ನು ನೋಡುವಾಗ ಒಂದು ಸಂದೇಹವೇಳುತ್ತದೆ.

ಚಿತ್ರದ ದಿಣ್ಣನೂ ನೀಲೆಯೂ ಮೂಲತಃ ಬೇಡರಲ್ಲ. ದೇವಲೋಕದಿಂದ ಭೂಮಿಗೆ ದೂಡಲ್ಪಟ್ಟು ಬೇಡರ ಕುಲದಲ್ಲಿ ಜನಿಸಿದವರು. ಹಾಗಾದರೆ ಕಣ್ಣಪ್ಪನ ಭಕ್ತಿ ಬೇಡನದೋ, ದೇವಲೋಕದವನದೋ? ಶಾಸ್ತ್ರವನ್ನರಿಯದ ಬೇಡನು ಮಾಂಸದ ಎಡೆಯಿಂದಲೇ ಶಿವನನ್ನು ಒಲಿಸಿಕೊಂಡನೆಂಬುದು, ಹರಿಹರನು ರಗಳೆಯಾಗಿಸಿದ ಈ ಕಥೆಯ ಜೀವಾಳ. ದೇವಲೋಕದ ಪೀಠಿಕೆಯು ಆ ಜೀವಾಳವನ್ನೇ ಸಡಿಲಿಸುತ್ತದೆ.

ಸುರಪುರ ಸೀಮೆಯಲ್ಲಿ ಬೇಡರೆಂದರೆ ಕಾಡಿನ ಬೇಟೆಗಾರರಷ್ಟೇ ಅಲ್ಲ, ನಾಡನ್ನಾಳಿದವರು. 1705ರಲ್ಲಿ ವಾಗಣಗೇರಾ ಕೋಟೆಯಲ್ಲಿ ಔರಂಗಜೇಬನ ಮುತ್ತಿಗೆಯನ್ನು ಎದುರಿಸಿದವರೂ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನೊಡನೆ ಬ್ರಿಟಿಷರ ಮೇಲೆ ಕತ್ತಿಯೆತ್ತಿದವರೂ ಇವರೇ. ಇವರ ಹಿರಿಮೆಗೆ ಪೂರ್ವಜನ್ಮದ ಆಧಾರವೇನೂ ಬೇಕಾಗಲಿಲ್ಲ.

ಆದರೂ ಚಿತ್ರವು ತನ್ನ ದೋಷವನ್ನು ತಾನೇ ಮೀರುವ ಒಂದು ಸ್ಥಳವುಂಟು. ನಾಟಕಶಾಲೆಯ ಹಿಂದಿನ ಸಾಲಿಗೆ ಕಾಣದ ಮುಖಭಾವವನ್ನು ಕ್ಯಾಮೆರಾ ಎಲ್ಲರ ಕಣ್ಣೆದುರಿಗೆ ತರಬಲ್ಲದು. ಶಿವನಿಗೆ ತನ್ನ ಕಣ್ಣನ್ನು ಕಿತ್ತು ಕೊಡುವ ಸನ್ನಿವೇಶದಲ್ಲಿ ನಾವು ಕಾಣುವುದು ಬೇಡನ ಮುಖವನ್ನೇ. ದೇವಲೋಕದ ನೆನಪು ಅಲ್ಲಿ ಸುಳಿಯುವುದಿಲ್ಲ. ಸಿನಿಮಾ ನಾಟಕಕ್ಕೆ ಸಲ್ಲಿಸಬಹುದಾದ ನಿಜವಾದ ಸೇವೆ ಇದು.

1988ರಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಎಂಬ ಹೆಸರಿನಲ್ಲಿ ಈ ಕಥೆ ಮತ್ತೆ ಕನ್ನಡದ ತೆರೆಗೆ ಬಂದಿತು, ಮುಂದೆಯೂ ಬರಬಹುದು. ಆಗಲಾದರೂ ಬೇಡನು ಬೇಡನಾಗಿಯೇ ದೊಡ್ಡವನಾಗಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.